ಮೇಜಿನ ಮೇಲಿನ ಹರಿಗೋಲು

ರಾಯಚೂರಿನ ನಮ್ಮ ಮನೆಯ ಮೇಜಿನ ಮೇಲೊಂದು ಮರಿ ಹರಿಗೋಲಿದೆ. ದೇವದುರ್ಗದ ಕಡೆ ಕೃಷ್ಣೆಯಲ್ಲಿ ಮಂದಿ, ಚೀಲ, ಕುರಿ ದಾಟಿಸುವ ಹರಿಗೋಲಿನ ಹತ್ತನೇ ಒಂದು ಅಳತೆ. ಬಿದಿರು ಸೀಳಿನ ಅದೇ ಹೆಣಿಗೆ, ಹೊರಗೆ ಡಾಂಬರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಂಡ ಬುಟ್ಟಿದೋಣಿಗಳಿಗೆ ತೊಗಲು ಹೊದಿಸಿತ್ತು. 15–20 ಮಂದಿ ಹಿಡಿಸುತ್ತಿದ್ದರಂತೆ.

ನಾನು ಗಣಿತದ ಮಾಸ್ತರ, ಲೆಕ್ಕ ಬಿಡುವುದಿಲ್ಲ. ಅಳತೆಗಳೆಲ್ಲ ಹತ್ತನೇ ಒಂದಾದರೆ ಹೊರುವ ಭಾರ ಅದರ ಘನಕ್ಕೆ, ಅಂದರೆ ಸಾವಿರದಲ್ಲೊಂದಕ್ಕೆ ಇಳಿಯುತ್ತದೆ. ದೊಡ್ಡದು 1,200 ಕಿಲೋ ಹೊತ್ತರೆ ಮರಿಗೆ ಹೆಚ್ಚೆಂದರೆ ಒಂದು ಕಿಲೋ ಚಿಲ್ಲರೆ. ರೂಪವೆಲ್ಲ ಬಂತು, ಬಲ ಬರಲಿಲ್ಲ. ಹಾಗಾದರೆ ಇದು ಹರಿಗೋಲೇ, ಅದರ ಸುಳ್ಳೇ?

ಸುಳ್ಳಲ್ಲ ಎನ್ನುತ್ತಿದ್ದರೇನೋ ಮಾನ್ವಿಯ ಜಗನ್ನಾಥದಾಸರು (1728–1809). ಮಧ್ವಮತದ ಬಿಂಬ–ಪ್ರತಿಬಿಂಬ ವಿಚಾರವನ್ನು ಅವರು ‘ಹರಿಕಥಾಮೃತಸಾರ’ದಲ್ಲಿ ಭಾಮಿನಿ ಷಟ್ಪದಿಗೆ ಇಳಿಸಿದರು. ಅಲ್ಲಿ ದೇವರು ಬಿಂಬ, ಜೀವ ಪ್ರತಿಬಿಂಬ; ಆ ಪ್ರತಿಬಿಂಬ ಹುಸಿಯಲ್ಲ. ಜೀವ ದೇವರಿಂದ ಬೇರೆ, ನಿಜ. ಆದರೆ ಅವನ ಅಧೀನ, ಅವನಿಗೆ ತುಸು ಸದೃಶ. ಜ್ಞಾನ, ಆನಂದ ಇವನಿಗೂ ಉಂಟು, ಅಲ್ಪ ಪ್ರಮಾಣದಲ್ಲಿ. ಎಷ್ಟು ಅಲ್ಪವೆಂದು ನನ್ನ ಘನದ ಲೆಕ್ಕ ಹೇಳಲಾರದು, ಬಿಡಿ.

ಆದರೂ ಹೋಲಿಕೆ ಒಂದು ಕಡೆ ಸೋರುತ್ತದೆ. ದಾಸರ ಬಿಂಬ ದೂರ ನಿಂತ ಮಾದರಿಯಲ್ಲ, ಜೀವನೊಳಗೇ ಕುಳಿತು ಅವನನ್ನು ನಡೆಸುವವನು. ನನ್ನ ಮರಿಯನ್ನು ಯಾವ ದೊಡ್ಡ ಹರಿಗೋಲೂ ನಡೆಸುತ್ತಿಲ್ಲ. ಸೇತುವೆ ಬಂದಲ್ಲೆಲ್ಲ ದೊಡ್ಡವು ದಂಡೆ ಹತ್ತಿದವು, ಮರಿಗೆ ಏನೂ ಆಗಲಿಲ್ಲ. ಬಿಂಬವಿಲ್ಲದೆ ಉಳಿಯುವ ಪ್ರತಿಬಿಂಬಕ್ಕೆ ಮಾನ್ವಿಯ ದಾಸರಲ್ಲಿ ಜಾಗವೇ ಇಲ್ಲ.