ಅನಾಹುತದ ಬಳಿಕದ ಎಚ್ಚರ

ಜೀವಘಾತವಾದ ಮೇಲೆ ಪಡುವ ಪಶ್ಚಾತ್ತಾಪ ಧರ್ಮವೇ, ಅಥವಾ ಅದಕ್ಕೆ ಮೊದಲೇ ಇರಬೇಕಾದ ಎಚ್ಚರ ಧರ್ಮವೇ? ಗಣಿಗಳಲ್ಲಿ ಅನಾಹುತ ಸಂಭವಿಸಿದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ.

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಬಳಿಯ ಹುಣಸೋಡಿನಲ್ಲಿ ಸ್ಫೋಟಕಗಳು ಸಿಡಿದು ಹಲವರು ಮಡಿದರು. ತನಿಖೆ, ಪರಿಹಾರಗಳ ಘೋಷಣೆಯಾಯಿತು. ತಿಂಗಳು ಕಳೆಯುತ್ತಲೇ, ದೇವನಹಳ್ಳಿಯ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಕಲ್ಲುಗಣಿಯ ಜಿಲೆಟಿನ್ ಸಿಡಿದು ಆರು ಮಂದಿ ಪ್ರಾಣ ತೆತ್ತರು. ಮೊದಲ ಸಾವುಗಳು ಎರಡನೆಯ ಸಾವುಗಳನ್ನು ತಡೆಯಲಿಲ್ಲ.

ಜೈನಾಚಾರದಲ್ಲಿ ದೋಷಶುದ್ಧಿಗೆ ಮೂರು ಮೆಟ್ಟಿಲುಗಳುಂಟು: ತಪ್ಪನ್ನು ಮರೆಮಾಚದೆ ಒಪ್ಪುವ ಆಲೋಚನೆ, ತಪ್ಪಿನಿಂದ ಹಿಂದಿರುಗುವ ಪ್ರತಿಕ್ರಮಣ, ಮುಂದೆ ಮಾಡೆನೆಂಬ ಪ್ರತ್ಯಾಖ್ಯಾನ. ಬಳ್ಳಾರಿಯ ವಿಷಯದಲ್ಲಿ ಇವು ಒಂದಿಷ್ಟು ಕಾಣಿಸಿದವು. 2011ರ ಜುಲೈನಲ್ಲಿ ಲೋಕಾಯುಕ್ತರ ವರದಿ ಅಕ್ರಮವನ್ನು ಬಯಲಿಗಿಟ್ಟಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ತಡೆಯಿತು. 2013ರಲ್ಲಿ 51 ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವುಗಳಿಗೆ ಭೂಮಿಯ ಪುನಶ್ಚೇತನದ ಷರತ್ತನ್ನೂ ಅದಿರಿಗೆ ವಾರ್ಷಿಕ ಮಿತಿಯನ್ನೂ ವಿಧಿಸಿತು. ಆ ಮಿತಿ 2022ರಲ್ಲಿ ಹೆಚ್ಚಿತು. ಆದರೆ ನ್ಯಾಯಾಲಯ ಹೇಳಿದ ಮೇಲೆ ಎಚ್ಚರಗೊಳ್ಳುವುದು ಪರರು ಮಾಡಿಸಿದ ಪ್ರತಿಕ್ರಮಣವಷ್ಟೆ. ಪರವಾನಗಿ ಕೊಡುವ ಕೈಯೇ ತಪಾಸಣೆಯನ್ನೂ ಹೊತ್ತಿಗೆ ಸರಿಯಾಗಿ ಮಾಡಬೇಕು.

ಹಾಗಾದರೆ ಕಲ್ಲನ್ನೇ ಮುಟ್ಟಬಾರದೇ? ಹಾಗಲ್ಲ. ವಿಂಧ್ಯಗಿರಿಯ ಗೊಮ್ಮಟೇಶ್ವರನನ್ನೂ ಬಂಡೆಯಲ್ಲಿಯೇ ಕಡೆದರು. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಪೂರ್ತಿ ತಪ್ಪಿದ್ದಲ್ಲ. ಪೃಥ್ವೀಕಾಯದ ಜೀವಗಳಿಗೂ ನೋವಾಗುತ್ತದೆ. ಕಲ್ಲೊಡೆಯುವ ಕೂಲಿಕಾರನಿಗೂ ಅನ್ನ ಬೇಕು. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ಪ್ರಮಾದದೊಡನೆ ಬೆಸೆದಿದ್ದಾರೆ. ಅಜಾಗರೂಕತೆಯಿಂದ ಸಿಡಿದ ಮದ್ದಿನ ಹೊಣೆ ವಿಧಿಯದಲ್ಲ, ಮನುಷ್ಯನದು.

ಆ ಹೊಣೆ ಸರ್ಕಾರದಲ್ಲಿಯೇ ಮುಗಿಯದು. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿಯೂ ಪಾಪ ಅಂಟುತ್ತದೆ. ಬೂದಿಗೆರೆಯ ಸುತ್ತ ಏಳುತ್ತಿರುವ ಮನೆ, ಮಹಡಿಗಳಿಗೆ ಜಲ್ಲಿ ಎಲ್ಲಿಯದೆಂದು ಕೊಳ್ಳುವವನು ಕೇಳುವುದು ಅಪರೂಪ. ಬಸದಿಯ ಜೀರ್ಣೋದ್ಧಾರಕ್ಕೆ ಕಲ್ಲು ತರಿಸುವ ಟ್ರಸ್ಟ್ ಕೂಡ ಸಾಮಾನ್ಯವಾಗಿ ದರವನ್ನು ಮಾತ್ರ ನೋಡುತ್ತದೆ. ಅಗ್ಗದ ಕಲ್ಲಿನ ಉಳಿತಾಯವನ್ನು ಜಮಾ ಬದಿಗೆ ಬರೆದವನು ಕೂಲಿಕಾರನ ಪ್ರಾಣವನ್ನು ಯಾವ ಬದಿಗೆ ಬರೆಯುತ್ತಾನೆ?

ಆದುದರಿಂದ ಟ್ರಸ್ಟ್‌ಗಳು ಕಲ್ಲು ಕೊಳ್ಳುವ ಮೊದಲು ಗಣಿಯ ಪರವಾನಗಿಯನ್ನೂ ಸಾಗಣೆಯ ರಹದಾರಿಯನ್ನೂ ಕೇಳಿ ಕಡತದಲ್ಲಿಡಲಿ. ಅವಿಲ್ಲದ ಕಲ್ಲನ್ನು ಎಷ್ಟು ಅಗ್ಗವಾದರೂ ಹಿಂದಿರುಗಿಸಲಿ. ಶ್ರಾವಕನು ತಾನು ಪಾಲಿಸಿದ ಎಚ್ಚರವನ್ನೇ ಸರ್ಕಾರದಿಂದಲೂ ಧೈರ್ಯವಾಗಿ ಕೇಳಬಲ್ಲನು.