ದೂಳಿಗೆ ಭೇದವಿಲ್ಲ

ಕಾರ್ಮಿಕರ ಕ್ಷೇಮವೆಂಬುದು ಮಾಲಕನ ಕೊಡುಗೆಯೇ, ಕಾರ್ಮಿಕನ ಹಕ್ಕೇ ಅಥವಾ ಇವೆರಡನ್ನೂ ಮೀರಿದ ಒಂದು ಹೊಣೆಯೇ? ಪಾಮನಕಲ್ಲೂರು, ಮಸ್ಕಿ, ಲಿಂಗಸುಗೂರು ಕಡೆಯವರಿಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಬೇಸಾಯವನ್ನೇ ನಂಬಿದ ಈ ಸೀಮೆಯಲ್ಲಿ ತಿಂಗಳ ಸಂಬಳದ ದೊಡ್ಡ ತಾಣವೆಂದರೆ ಹಟ್ಟಿ ಚಿನ್ನದ ಗಣಿ. 1947ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಆರಂಭವಾದ ಈ ಕಂಪೆನಿ 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಮೈಸೂರು ರಾಜ್ಯಕ್ಕೆ ಸೇರಿತು. ಇಂದು ಅದು ಕರ್ನಾಟಕ ಸರಕಾರದ ಉದ್ಯಮ. ಗಣಿಯ ಸುತ್ತ ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆಗಳು ಬೆಳೆದು ಒಂದು ಊರೇ ಆಗಿದೆ.

ಇಂಥ ಊರನ್ನು ಕಂಡವರು ಕಂಪೆನಿ ಎಷ್ಟೆಲ್ಲ ಕೊಟ್ಟಿದೆಯೆಂದು ಮೆಚ್ಚುವುದುಂಟು. ಆದರೆ ಕೊಡುಗೆ ಎಂದರೆ ಕೊಡುವವನ ಮನಸ್ಸಿಗೆ ಬಿಟ್ಟದ್ದು; ಪಡೆದವನು ಋಣಿಯಾಗುತ್ತಾನೆ. ಇಲ್ಲಿ ಋಣಿ ಯಾರು? ಚಿನ್ನದ ಅದಿರು ಇರುವುದು ಗಟ್ಟಿ ಕಲ್ಲಿನಲ್ಲಿ. ಅದನ್ನು ಕೊರೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಉಳಿದು, ಎಷ್ಟೋ ವರ್ಷಗಳ ನಂತರ ಸಿಲಿಕೋಸಿಸ್ ಆಗಿ ಕಾಣಿಸಿಕೊಳ್ಳಬಹುದು. ಅದನ್ನು ಗುಣಪಡಿಸುವ ಔಷಧವಿಲ್ಲ. ಕ್ಷಯರೋಗದ ಅಪಾಯವನ್ನೂ ಅದು ಹೆಚ್ಚಿಸುತ್ತದೆ. ನೀರು ಹಾಯಿಸುತ್ತಾ ಕೊರೆಯುವುದು, ಗಾಳಿಯಾಡುವಂತೆ ನೋಡಿಕೊಳ್ಳುವುದು, ಕಾಲಕಾಲಕ್ಕೆ ಎದೆಯ ಎಕ್ಸ್‌ರೇ ತೆಗೆಸುವುದು ಇವೇ ಉಳಿದಿರುವ ದಾರಿ. ನೆಲದಡಿ ಇಳಿಯುವವನು ತನ್ನ ಆಯುಷ್ಯದ ಒಂದು ಪಾಲನ್ನೇ ಪಣಕ್ಕಿಡುತ್ತಾನೆ. ಅವನಿಗಾಗಿ ಕಟ್ಟಿದ ಆಸ್ಪತ್ರೆಯನ್ನು ಔದಾರ್ಯವೆಂದು ಕರೆದರೆ, ಸಾಲ ತೀರಿಸಿದವನನ್ನು ದಾನಿಯೆಂದು ಹೊಗಳಿದಂತೆ.

ಕಾನೂನು ಇದನ್ನು ಬಹಳ ಹಿಂದೆಯೇ ಗುರುತಿಸಿತ್ತು. 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ ಕ್ಯಾಂಟೀನು, 500 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಕ್ಷೇಮಾಧಿಕಾರಿ ಎಂಬ ಕಟ್ಟಳೆ 1948ರ ಕಾರ್ಖಾನೆ ಕಾಯ್ದೆಯಲ್ಲಿತ್ತು. 1952ರ ಗಣಿ ಕಾಯ್ದೆಯೂ ಅದೇ ಹಾದಿ ಹಿಡಿಯಿತು. ಹೀಗೆ ಕ್ಷೇಮವು ಹಕ್ಕಾಯಿತು. ಆದರೆ ಹಕ್ಕಿಗೂ ಒಂದು ಮಿತಿಯಿದೆ. ಕಾನೂನು ಕ್ಯಾಂಟೀನು ಕಟ್ಟಿಸಬಲ್ಲದು. ಮೇಲಧಿಕಾರಿ ಮತ್ತು ಕಾರ್ಮಿಕ ಪರಸ್ಪರ ಗೌರವದಿಂದ ಕೂತು ಉಣ್ಣುವಂತೆ ಮಾಡಲಾರದು. 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ಆಜ್ಞೆ ಬಂದಾಗ ಕೋಲಾರ ಚಿನ್ನದ ಗಣಿಯ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಕೂಲಿಯಷ್ಟೇ ಮಾನವೂ ಮುಖ್ಯವೆಂದು ಅವರು ತೋರಿಸಿಕೊಟ್ಟರು.

ಅದೇ ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಕಂಪೆನಿಯನ್ನು ನೆಚ್ಚಿಕೊಂಡಿದ್ದ ಸವಲತ್ತುಗಳು ಕಂಪೆನಿಯೊಡನೆ ಕುಸಿದವು. ಜನ ಮಾತ್ರ ಊರು ಬಿಡಲಿಲ್ಲ. ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು ಬರುವುದನ್ನು ರೂಢಿಸಿಕೊಂಡರು. ಆಡಳಿತ ಏರ್ಪಡಿಸಿದ್ದು ಆಡಳಿತದೊಡನೆ ಹೋಗಬಹುದು. ಜೊತೆಗೆ ದುಡಿದವರು ಕಷ್ಟಕಾಲದಲ್ಲಿ ಕಟ್ಟಿಕೊಂಡ ನೆರೆಹೊರೆ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಹಾಗಾದರೆ ಆ ನೆರೆಹೊರೆಯಲ್ಲಿ ಯಾರು ಯಾರಿದ್ದಾರೆ? ಇಂದಿನ ದೊಡ್ಡ ಉದ್ಯಮಗಳಲ್ಲಿ ಖಾಯಂ ಕಾರ್ಮಿಕನ ಪಕ್ಕದಲ್ಲೇ ಗುತ್ತಿಗೆ ಕಾರ್ಮಿಕನೂ ದುಡಿಯುತ್ತಾನೆ. ಪಾಳಿ ಒಂದೇ, ದೂಳು ಒಂದೇ. ಕಾಯಿಲೆ ಬಿದ್ದಾಗ ಒಬ್ಬನಿಗೆ ಕಂಪೆನಿಯ ಆಸ್ಪತ್ರೆ, ಇನ್ನೊಬ್ಬನಿಗೆ ಗುತ್ತಿಗೆದಾರನ ಮನೆಬಾಗಿಲು ಎಂದಾದರೆ ಅಲ್ಲಿ ಸವಲತ್ತು ಇದೆ, ಸಮುದಾಯ ಇಲ್ಲ. ಎಲ್ಲರ ಖರ್ಚನ್ನೂ ಹೊರಲಾಗದು ಎಂಬ ಆಡಳಿತದ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಹೊರದಿದ್ದರೆ ಆ ಖರ್ಚು ಮಾಯವಾಗುವುದಿಲ್ಲ. ದುಡಿದವನ ಹೆಂಡತಿ ಮಕ್ಕಳ ಹೆಗಲಿಗೆ ಬೀಳುತ್ತದೆ. ಈ ವಿಷಯದಲ್ಲಿ ಖಾಯಂ ಕಾರ್ಮಿಕನಿಗೂ ಹೊಣೆಯಿದೆ. ನೆಲದಡಿಯಲ್ಲಿ ಒಬ್ಬನ ಎಚ್ಚರದ ಮೇಲೆ ಇನ್ನೊಬ್ಬನ ಜೀವ ನಿಂತಿರುವಾಗ, ಮೇಲೆ ಬಂದ ಕೂಡಲೇ ಅವನು ಪರಕೀಯನಾಗುವುದು ಹೇಗೆ?

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವರು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಶ್ರೇಯಸ್ಸು ದೊಡ್ಡವರಿಗಷ್ಟೇ ದಕ್ಕುವಂಥದ್ದೆಂದು ಭಾವಿಸಬಾರದು, ಧರ್ಮದಲ್ಲಿ ನಿಂತ ಸಣ್ಣವನಿಗೂ ಅದು ಸಾಧ್ಯ ಎಂಬುದು ಆ ಶಾಸನದ ಆಶಯ. ಆ ಬಂಡೆಯ ಸೀಮೆಯಲ್ಲಿ ಬದುಕುವ ನಾವು ಒಂದು ಉದ್ಯಮವನ್ನು ಅಳೆಯುವಾಗ ಅಲ್ಲಿ ಎಷ್ಟು ಸವಲತ್ತುಗಳಿವೆ ಎಂದು ಎಣಿಸಿದರೆ ಸಾಲದು. ಅವುಗಳ ಹೊರಗೆ ಉಳಿದವರು ಯಾರು ಎಂದೂ ಕೇಳಬೇಕು.