ಪರದೆ ಎಳೆಯುವವನ ಹೆಸರು

ಸವಳಂಗ ರಸ್ತೆಯಲ್ಲಿ ನವುಲೆಯ ಕಡೆಗೆ ಹೋಗುತ್ತಿದ್ದಾಗ, ಗೋಡೆಗೆ ಅಂಟಿಸಿದ್ದ ನಾಟಕದ ಭಿತ್ತಿಪತ್ರವೊಂದು ಒಮ್ಮೆ ನನ್ನ ಕಣ್ಣಿಗೆ ಬಿತ್ತು. ಅದರ ತುಂಬ ಚಲನಚಿತ್ರ ನಟರೊಬ್ಬರ ಮುಖ. ನಾಟಕದ ಹೆಸರು ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿತ್ತು. ಉಳಿದ ಕಲಾವಿದರ ಹೆಸರುಗಳು ಇರಲೇ ಇಲ್ಲ. ಹಳೆಯ ಸಂಗೀತ ನಾಟಕವೊಂದನ್ನು ಮತ್ತೆ ರಂಗಕ್ಕೆ ತರುವಾಗ ಹೆಸರುವಾಸಿಯಾದವರಿಗೆ ಮುಖ್ಯ ಪಾತ್ರವನ್ನು ಕೊಡುವುದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲೂ ಇದೆ, ನಮ್ಮಲ್ಲೂ ಇದೆ. ಇದು ನ್ಯಾಯವೇ?

ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಗ ಅರಿಸ್ಟಾಟಲನ ಒಂದು ದೃಷ್ಟಾಂತವನ್ನು ಕಲಿತೆವು. ಕೊಳಲುಗಳನ್ನು ಹಂಚುವಾಗ ಅತ್ಯುತ್ತಮವಾದುದನ್ನು ಯಾರಿಗೆ ಕೊಡಬೇಕು? ಕುಲೀನನಿಗಲ್ಲ, ರೂಪವಂತನಿಗಲ್ಲ, ಚೆನ್ನಾಗಿ ನುಡಿಸಬಲ್ಲವನಿಗೆ. ಪಾತ್ರಕ್ಕೂ ಇದೇ ನಿಯಮವನ್ನು ಅನ್ವಯಿಸಿದರೆ, ಪ್ರಸಿದ್ಧಿಯು ಅರ್ಹತೆಯಾಗಲಾರದು.

ಆದರೆ ರಂಗಭೂಮಿ ಟಿಕೆಟ್ಟಿನಿಂದಲೂ ಬದುಕಬೇಕು. ಹಾರ್ಮೋನಿಯಂ ನುಡಿಸುವವರು, ಬಣ್ಣ ಹಚ್ಚುವವರು, ಪರದೆ ಎಳೆಯುವವರು, ಅಡುಗೆಯವರು ಎಲ್ಲರಿಗೂ ಸಂಬಳ ಸಲ್ಲಬೇಕು. ಒಬ್ಬರ ಹೆಸರಿನಿಂದ ಥಿಯೇಟರು ತುಂಬಿದರೆ ಹತ್ತಾರು ಮನೆಗಳ ಒಲೆ ಉರಿಯುತ್ತದೆ. ನಮ್ಮ ವೃತ್ತಿ ಕಂಪನಿಗಳು ಇದನ್ನು ಚೆನ್ನಾಗಿ ಬಲ್ಲವಾಗಿದ್ದವು. ಸಂಬಳ ಕೊಡುವ ಹೊಣೆಯಿಲ್ಲದವನಿಗೆ ಪ್ರಸಿದ್ಧಿಯನ್ನು ಹಳಿಯುವುದು ಸುಲಭ.

ಹಾಗಾದರೆ ಗೆರೆ ಎಳೆಯುವುದು ಎಲ್ಲಿ? ಗುಬ್ಬಿ ಕಂಪನಿಯ ‘ಸದಾರಮೆ’ಯನ್ನು ನೆನೆಯೋಣ. ಅದರಲ್ಲಿ ಕಳ್ಳನ ಪಾತ್ರವನ್ನು ಗುಬ್ಬಿ ವೀರಣ್ಣನವರು ಮನೆಮಾತಾಗಿಸಿದ್ದರು. ಮುಂದೆ ಅವರ ಮೊಮ್ಮಗಳು ಬಿ. ಜಯಶ್ರೀಯವರು ಆ ನಾಟಕವನ್ನು ಮತ್ತೆ ರಂಗಕ್ಕೆ ತಂದು, ತಾತನ ಅದೇ ಕಳ್ಳನ ಪಾತ್ರವನ್ನು ತಾವೇ ವಹಿಸಿದರು. ಜನರನ್ನು ಕರೆತಂದದ್ದು ಹೆಸರೇ ಇರಬಹುದು. ಆದರೆ ಅವರನ್ನು ಕೊನೆಯವರೆಗೂ ಕೂರಿಸಿದ್ದು ಬಾಲ್ಯದಿಂದ ಮಾಡಿದ ಸಾಧನೆ, ಪಳಗಿದ ಕಂಠ. ಅಲ್ಲಿ ಹೆಸರು ಪಾತ್ರದ ಸೇವೆಗೆ ನಿಂತಿತ್ತು.

ಮತ್ತೊಂದು ಮಾತು. ಇಂದಿನ ತಾರೆ ನಿನ್ನೆಯ ಅಜ್ಞಾತನೇ. 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ, ನಾಟಕ ಕಂಪನಿಯಿಂದ ಬಂದ ಮುತ್ತುರಾಜ ಎಂಬ ಯುವಕನಿಗೆ ನಾಯಕನ ಪಾತ್ರ ದೊರೆಯದೆ ಹೋಗಿದ್ದರೆ ನಮಗೆ ರಾಜಕುಮಾರ್ ಸಿಗುತ್ತಿದ್ದರೇ? ಹೆಸರಾದವರಿಗಷ್ಟೇ ಬಾಗಿಲು ತೆರೆಯುವ ಮನೆಯಲ್ಲಿ ನಾಳೆ ಹೆಸರಾಗುವವರು ಹುಟ್ಟುವುದಿಲ್ಲ. ನಮ್ಮ ಜಿಲ್ಲೆಯ ಹೆಗ್ಗೋಡಿನ ನೀನಾಸಂ 1985ರಲ್ಲಿ ಆರಂಭಿಸಿದ ‘ತಿರುಗಾಟ’ವು ತಾರೆಯರನ್ನು ನೆಚ್ಚದೆ ಊರೂರಿಗೆ ನಾಟಕವನ್ನು ಕೊಂಡೊಯ್ದದ್ದೂ ನಮ್ಮ ಕಣ್ಣೆದುರಿಗಿದೆ.

2021ರ ಡಿಸೆಂಬರಿನಲ್ಲಿ ಬ್ರಾಡ್‌ವೇಯಲ್ಲಿ 1957ರ ‘ದ ಮ್ಯೂಸಿಕ್ ಮ್ಯಾನ್’ ಸಂಗೀತ ನಾಟಕದ ಮರುಪ್ರಯೋಗ ನಡೆಯುತ್ತಿತ್ತು. ನಾಯಕ ಜಗತ್ಪ್ರಸಿದ್ಧ ಚಿತ್ರನಟ ಹ್ಯೂ ಜಾಕ್‌ಮನ್. ನಾಯಕಿ ಸಟನ್ ಫಾಸ್ಟರ್ ಅವರಿಗೆ ಕೋವಿಡ್ ತಗಲಿತು. ಹಲವು ಪಾತ್ರಗಳನ್ನು ಕಲಿತು ತೆರೆಮರೆಯಲ್ಲಿ ಕಾಯುವುದೇ ಕೆಲಸವಾಗಿದ್ದ ಕ್ಯಾಥಿ ವಾಯ್ಟ್ಕೊ, ಕೆಲವೇ ಗಂಟೆಗಳ ಸೂಚನೆಯ ಮೇಲೆ ಆ ರಾತ್ರಿ ನಾಯಕಿಯಾದರು. ಪ್ರದರ್ಶನ ಮುಗಿದಾಗ ಜಾಕ್‌ಮನ್ ಪ್ರೇಕ್ಷಕರೆದುರು ಆಕೆಯನ್ನು ಹೊಗಳಿ, ಅವರಂತೆ ಕಾದು ನಿಲ್ಲುವ ಎಲ್ಲ ಕಲಾವಿದರನ್ನೂ ನೆನೆದರು. ತನ್ನ ಮೇಲೆ ಬಿದ್ದ ಬೆಳಕನ್ನು ಪಕ್ಕದವರ ಮೇಲೆ ತಿರುಗಿಸುವುದು ಪ್ರಸಿದ್ಧನ ಧರ್ಮ.

ಆ ಧರ್ಮವನ್ನು ನಾನೇ ಒಮ್ಮೆ ಮರೆತಿದ್ದೇನೆ. ವರ್ಷಗಳ ಹಿಂದೆ ಕ್ರಿಸ್ತ ಜಯಂತಿಯ ಗೀತನಾಟಕಕ್ಕಾಗಿ ಹುಡುಗನೊಬ್ಬ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ. ಕೊನೆಯ ವಾರದಲ್ಲಿ ನಾನು ಆ ಪಾತ್ರವನ್ನು ಊರಿನಲ್ಲಿ ಹೆಸರಾಗಿದ್ದ ಗಾಯಕರೊಬ್ಬರಿಗೆ ಕೊಟ್ಟೆ. ಸಭಾಂಗಣ ತುಂಬಿತು, ಬಡವರ ನಿಧಿಗೂ ಹಣ ಬಂತು. ಹುಡುಗ ಪರದೆ ಎಳೆಯುತ್ತಿದ್ದ. ಪ್ರತಿಯೊಂದು ಹಾಡಿಗೂ ಅವನ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ವಂದನಾರ್ಪಣೆ ಮಾಡಿದವನು ನಾನೇ. ಗಾಯಕರಿಗೆ ಶಾಲು ಹೊದಿಸಿದೆ. ಹುಡುಗನ ಹೆಸರನ್ನು ಹೇಳಲಿಲ್ಲ.

ಗಾಯಕರನ್ನು ಕರೆದದ್ದು ತಪ್ಪೋ ಸರಿಯೋ, ಇಂದಿಗೂ ಖಚಿತವಾಗಿ ಹೇಳಲಾರೆ. ಅದರಿಂದ ಬಡವರಿಗೆ ಒಳಿತಾದದ್ದು ನಿಜ. ಆದರೆ ಆ ಒಳಿತಿನ ಬೆಲೆಯನ್ನು ತೆತ್ತವನು ಒಬ್ಬ ಹುಡುಗ. ಅವನನ್ನು ಕೇಳದೆಯೇ ಅವನ ಕೈಯಿಂದ ನಾನು ಅದನ್ನು ಪಡೆದಿದ್ದೆ. ನಮ್ಮ ಮನೆ, ಶಾಲೆ, ಧರ್ಮಕೇಂದ್ರಗಳಲ್ಲಿ ಹೆಸರಾದವರನ್ನು ಮುಂದೆ ನಿಲ್ಲಿಸುವಾಗ, ಯಾರು ಹಿಂದೆ ಸರಿದರೆಂದು ಒಮ್ಮೆ ತಿರುಗಿ ನೋಡೋಣ. ಅವರನ್ನು ಹೆಸರು ಹಿಡಿದು ಕರೆಯೋಣ.